ಇಬ್ಬರು ಅಳಿಯಂದಿರ ಅತ್ತೆ

ಮಾರ್ಚ್ 7, ಶುಕ್ರವಾರ. ಗೋಕಾಕ

ಈ ಪುಸ್ತಕ ಪೆಂಡಾಲ್ ಬುಕಿಂಗಿನದು. ಹುಕ್ಕೇರಿಯಲ್ಲಿ ನನ್ನದು ಪೆಂಡಾಲು ಮತ್ತು ಮೈಕ್ ಸೆಟ್ಟಿನ ಕೆಲಸ. ಈ ಹಾಳೆಗಳಲ್ಲಿ ಯಾರ ಮದುವೆ, ಯಾರ ಸೀಮಂತದ ಕುಬುಸ ಎಂದು ಬರೆದುಕೊಳ್ಳಬೇಕಿತ್ತು. ಅದರ ಬದಲು ಬರೆಯುತ್ತಿರುವುದು ಇದು: ನಾನು, ಗಜಾನನ, ವಯಸ್ಸು ಮೂವತ್ತೆಂಟು, ಬುದ್ಧಿ ನೆಟ್ಟಗಿರುವ ಮನುಷ್ಯ, ಅತ್ತೆಯ ಜೊತೆ ಬರಿಗಾಲಿನಲ್ಲಿ ಶ್ರೀಶೈಲಕ್ಕೆ ಹೊರಟಿದ್ದೇನೆ. ಮೂರು ವಾರದ ದಾರಿ. ಕೊನೆಗೆ ಕಾಡು, ಗುಡ್ಡ, ಕೊಳ್ಳ.

ಭಕ್ತಿ ಉಕ್ಕಿ ಹೊರಟವನಲ್ಲ ನಾನು. ಹೆಂಡತಿ ಅರ್ಚನಾ ನಾಲ್ಕು ತಿಂಗಳಿಂದ ತವರಿನಲ್ಲಿದ್ದಾಳೆ, ಅರಭಾವಿಯಲ್ಲಿ. ಕರೆಯಲು ಮೂರು ಸಲ ಹೋದೆ, ಮೂರು ಸಲವೂ ಚಹಾ ಕುಡಿದು ಬಂದೆ. ನಾಲ್ಕನೆಯ ಸಲ ಅತ್ತೆ ಅಡುಗೆಮನೆಯಿಂದಲೇ ಮಗ ಉಮೇಶನಿಗೆ ಹೇಳಿದರು: "ಅಳಿಯಂದ್ರು ನನ್ನ ಜೋಡಿ ಶ್ರೀಶೈಲಕ್ಕ ನಡಕೋತ ಬರ್ಲಿ. ಮಗಳ ಮನಿ ಮುಟ್ಟಿದ ಮ್ಯಾಲೆ ಅರ್ಚನಾನ ಕಳಸ್ತೀನಿ."

ಮಗಳ ಮನೆ ಎಂದರೆ ಶ್ರೀಶೈಲ. ನಮ್ಮ ಕಡೆಯವರಿಗೆ ಅಲ್ಲಿಯ ಭ್ರಮರಾಂಬೆ ನಮ್ಮ ಮನೆಯ ಹೆಣ್ಣುಮಗಳು, ಮಲ್ಲಯ್ಯ ಅಳಿಯ. ಯುಗಾದಿಯ ಮುಂದೆ ತವರಿನವರಂತೆ ಸೀರೆ ಹೊತ್ತುಕೊಂಡು ಹೋಗಿ ಮಗಳನ್ನು ಮಾತಾಡಿಸಿ ಬರುತ್ತಾರೆ. ಅಳಿಯನೆಂಬ ಸಲಿಗೆಯಲ್ಲಿ ಮಲ್ಲಯ್ಯನಿಗೆ ದಾರಿಯುದ್ದ ಬೈಯುತ್ತಾರೆ.

ನಮ್ಮತ್ತೆ ದುಂಡವ್ವ ನನ್ನನ್ನು ಎದುರಿಗೆ ಬೈದವರಲ್ಲ. ಬೈಯುವುದೇನು, ಹನ್ನೊಂದು ವರ್ಷದಲ್ಲಿ ಎದುರಿಗೆ ಒಂದು ಮಾತೂ ಆಡಿಲ್ಲ. ಸಿಟ್ಟಲ್ಲ, ಮರ್ಯಾದೆ. ಹಳೆಯ ಕಾಲದ ಅತ್ತೆಯರು ಅಳಿಯನ ಜೊತೆ ಮಾತಾಡುವುದಿಲ್ಲ. ಸೆರಗೆಳೆದುಕೊಂಡು ಬಾಜೂ ನಿಂತವರಿಗೆ ಹೇಳುತ್ತಾರೆ, ಅವರು ನನಗೆ ಹೇಳಬೇಕು. ಯಾರೂ ಇಲ್ಲದಿದ್ದರೆ ಕಂಬಕ್ಕೆ ಹೇಳುತ್ತಾರೆ. ಅವರ ಮನೆಯ ಕಂಬದ ಮೂಲಕ ನನಗೆ ಬಹಳ ಉಪದೇಶ ಸಿಕ್ಕಿದೆ.

ಅರ್ಚನಾ ಹೋದ ಕಾರಣವನ್ನೂ ಬರೆದಿಡುತ್ತೇನೆ. ನವೆಂಬರಿನಲ್ಲಿ ಅವಳಿಗೆ ಗೋಕಾಕದಲ್ಲಿ ಹೊಟ್ಟೆಯ ಆಪರೇಶನ್ ಆಯಿತು. ನಾನು ಯಮಕನಮರಡಿಯಲ್ಲಿ ಪೆಂಡಾಲ್ ಕಟ್ಟಿಸುತ್ತಿದ್ದೆ. ಗಾಡಿ ಪಂಕ್ಚರ್ ಆಯಿತು. ಮುಟ್ಟುವಷ್ಟರಲ್ಲಿ ಮರುದಿನ ಮಧ್ಯಾಹ್ನ. ಪಂಕ್ಚರ್ ಆಗುವುದು ನನ್ನ ತಪ್ಪೇ? ಯಾರೂ ನಂಬುವುದಿಲ್ಲ. ಪುಸ್ತಕವೇ, ನೀನಾದರೂ ನಂಬು.

ಒಟ್ಟು ನಲವತ್ತು ಮಂದಿ. ಮುಂದೆ ಮಲ್ಲಯ್ಯನ ಕಂಬಿ, ಅಂದರೆ ದೇವರ ಕಾವಡಿ, ಹೊತ್ತ ಪರಸಪ್ಪಜ್ಜ, ಹಿಂದೆ ಸಾಮಾನಿನ ಟೆಂಪೊ. ಓಡಿಸುವವನು ರಾಯಪ್ಪ. ಹೊರಟಾಗಿನಿಂದ ನನ್ನ ಕಣ್ಣು ಆ ಟೆಂಪೊದ ಮೇಲಿದೆ.

ಮಾರ್ಚ್ 9, ರವಿವಾರ. ಯರಗಟ್ಟಿಯ ಆಚೆ

ರಾಯಪ್ಪನ ಟೆಂಪೊದ ಸ್ಪೀಕರ್ ಕೆಟ್ಟು ಕೂತಿತ್ತು. ಹತ್ತು ನಿಮಿಷದಲ್ಲಿ ರಿಪೇರಿ ಮಾಡಿಕೊಟ್ಟೆ. ಈಗ ಅವನು ನನ್ನವನು.

ಉಪಾಯ ಹೀಗಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರಿಗೂ ಕೇಳುವಂತೆ "ನಾ ಮುಂದ ಹೊಕ್ಕೀನಿ" ಎಂದು ಕೂಗಿ ಹೊರಡುವುದು. ಮೊದಲ ತಿರುವಿನ ಜಾಲಿಮರದ ಹಿಂದೆ ಕೂರುವುದು. ಜನವೆಲ್ಲ ದಾಟಿದ ಮೇಲೆ ಟೆಂಪೊ ಹತ್ತಿ ಅಕ್ಕಿ ಚೀಲದ ಮೇಲೆ ನಿದ್ದೆ. ಊಟದ ಜಾಗ ಇನ್ನೊಂದು ಮೈಲಿ ಇರುವಾಗ ಇಳಿದು ಹಣೆಗೆ, ಅಂಗಿಯ ಬೆನ್ನಿಗೆ ನೀರು ಚಿಮುಕಿಸಿಕೊಂಡು, ಕಾಲಿಗೆ ಮಣ್ಣು ಸವರಿಕೊಂಡು, ಮರದ ನೆರಳಿನಲ್ಲಿ ಆಗಲೇ ಬಂದು ಸಾಕಾದವನಂತೆ ಕೂರುವುದು.

ಇವತ್ತು ಎಲ್ಲ ಸರಿಯಾಗಿ ನಡೆಯಿತು. "ಭಲೇ ಅಳಿಯಾ, ಕುದರಿ ಹಂಗ ನಡ್ಯಾಕತ್ತೀ" ಎಂದು ಪರಸಪ್ಪಜ್ಜ ಬೆನ್ನು ತಟ್ಟಿದ. ನೀರು ಚಿಮುಕಿಸಿದ್ದು ಅಲ್ಲೇ ಆಗಿದ್ದರಿಂದ ಅವನ ಕೈಯೂ ಒದ್ದೆಯಾಯಿತು. ಸಂಜೆ ಅರ್ಚನಾಗೆ ಫೋನ್ ಮಾಡಿ, "ಇವತ್ತ ಮೂವತ್ತ ಕಿಲೋಮೀಟರ್ ಹೊಡದ್ನಿ" ಎಂದೆ. "ಹೂಂ" ಎಂದಳು.

ಮಾರ್ಚ್ 10, ಸೋಮವಾರ

ಸಿಕ್ಕಿಬಿದ್ದೆ.

ಮಧ್ಯಾಹ್ನ ಒಂದು ಹಳ್ಳಿಯವರು ನಮ್ಮನ್ನೆಲ್ಲ ಕೈಹಿಡಿದು ಎಳೆದು ಊಟಕ್ಕೆ ಕೂರಿಸಿದ್ದರು. ಮಾದಲಿ, ತುಪ್ಪ, ಹಾಲು. ಎರಡನೆಯ ಸಲ ಬಡಿಸಿಕೊಳ್ಳುವಾಗ ಅತ್ತೆ ಸೆರಗೆಳೆದುಕೊಂಡರು. ಸೆರಗು ಮುಂದೆ ಬಂತೆಂದರೆ ನನಗೇನೋ ಕಾದಿದೆ ಎಂದೇ ಅರ್ಥ. ಬಾಜೂ ಅವರ ಗೆಳತಿ ಸತ್ತೆವ್ವ ಕೂತಿದ್ದಳು. ಈ ದಾರಿಯಲ್ಲಿ ನಮ್ಮಿಬ್ಬರ ಟಪಾಲು ಮುಟ್ಟಿಸುವವಳು ಅವಳೇ.

"ಸತ್ತೆವ್ವಾ, ಅಳಿಯಂದ್ರನ್ನ ಕೇಳ. ಮಣ್ಣು ಪಾದದ ಮ್ಯಾಲೆ ಅಷ್ಟ ಐತಿ, ಅಂಗಾಲಿಗೆ ಯಾಕ ಇಲ್ಲ?"

ನಾನು ಮೂರು ಮೊಳ ದೂರದಲ್ಲಿದ್ದೆ. ಆದರೂ ಸತ್ತೆವ್ವ ನನ್ನ ಕಡೆ ತಿರುಗಿ, "ಅಂಗಾಲು ತೋರಸ್ಬೇಕಂತ್ರಿ" ಎಂದು ತನ್ನದೂ ಒಂದಿಷ್ಟು ಸೇರಿಸಿ ಹೇಳಿದಳು.

"ಹುಲ್ಲಿಗೆ ಒರಸ್ಕೊಂಡೇನಿ ಅಂತ ಹೇಳ್ರಿ" ಎಂದೆ.

"ಹುಲ್ಲಿಗೆ ಒರಸ್ಕೊಂಡಾರಂತ."

"ಮಾರ್ಚ್ ತಿಂಗಳದಾಗ ಹುಲ್ಲು ಎಲ್ಲಿ ಸಿಕ್ತು ಅಂತ ಕೇಳ. ನಮ್ಮ ಕುರಿಗೆ ಹೇಳೂನು."

ಪಂಕ್ತಿಯೆಲ್ಲ ನಕ್ಕಿತು. ಬಡಿಸುವವರೂ ಸೌಟು ಹಿಡಿದುಕೊಂಡೇ ನಕ್ಕರು. ಐವತ್ತು ವರ್ಷ ಕುರಿಯ ಗೊರಸು ನೋಡಿಕೊಂಡು ಬಂದ ಹೆಂಗಸಿನ ಮುಂದೆ ನಾನು ಕಾಲಿಗೆ ಮಣ್ಣು ಸವರಿಕೊಂಡು ಬಂದಿದ್ದೆ. ಬುದ್ಧಿ ನೆಟ್ಟಗಿದೆ ಎಂದು ಮೊನ್ನೆ ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ.

ಮಾರ್ಚ್ 11, ಮಂಗಳವಾರ

ಇವತ್ತಿನಿಂದ ಅತ್ತೆ ನನ್ನ ಹಿಂದೆ ನಡೆಯುತ್ತಿದ್ದಾರೆ. ಹಿಂಡಿನ ಹಿಂದೆ ನಡೆದು ರೂಢಿ ಅವರಿಗೆ. ಹಿಂಡು ನಾನೊಬ್ಬನೇ. ಜಾಲಿಮರದ ಕಡೆ ವಾಲಿದರೆ ಸಾಕು, ಹಿಂದಿನಿಂದ "ಟ್ರ್ಯಾ, ಟ್ರ್ಯಾ" ಎಂದು ಸದ್ದು ಬರುತ್ತದೆ. ನನಗೇ ಅಂದದ್ದು ಎಂದು ಹೇಳುವಂತಿಲ್ಲ, ಗಾಳಿಗೆ ಅಂದದ್ದು. ರಾಯಪ್ಪ ಹಾರ್ನ್ ಹೊಡೆದು ಹಲ್ಲು ಕಿರಿಯುತ್ತ ಮುಂದೆ ಹೋದ.

ಇಪ್ಪತ್ತಾರು ಕಿಲೋಮೀಟರ್. ಎಲ್ಲವೂ ಕಾಲಿನಲ್ಲೇ. ಇಷ್ಟೇ ಬರೆಯಲು ಆಗುವುದು.

ಮಾರ್ಚ್ 14, ಶುಕ್ರವಾರ. ಇಳಕಲ್

ಅಂಗಾಲಿನಲ್ಲಿ ನಾಲ್ಕು ಬೊಬ್ಬೆ. ಅತ್ತೆ ಸತ್ತೆವ್ವನ ಕೈಯಲ್ಲಿ ಸೂಜಿ, ದಾರ, ಅರಿಸಿನ ಎಣ್ಣೆ ಕಳಿಸಿದರು. ಬೊಬ್ಬೆಯೊಳಗೆ ದಾರ ಪೋಣಿಸಿ ಅಲ್ಲೇ ಬಿಡಬೇಕಂತೆ, ನೀರು ತಾನೇ ಇಳಿಯುತ್ತದಂತೆ. ಸತ್ತೆವ್ವ ಪೋಣಿಸುವಾಗ ನಾನು ಮೈಕ್ ಇಲ್ಲದೆ ಊರಿಗೆಲ್ಲ ಕೇಳಿಸಿದೆ. ಅತ್ತೆ ದೂರದಲ್ಲಿ ಕಲ್ಲಿನ ಮೇಲೆ ಕೂತು ಆ ಕಲ್ಲಿಗೆ ಹೇಳಿದರು: "ನಮ್ಮ ಟಗರೂ ಇಷ್ಟ ಒದರೂದಿಲ್ಲ."

ಸಂಜೆ ಶ್ರೀಶೈಲದ ಮಗಳಿಗೆ ಸೀರೆ ಕೊಳ್ಳಲು ಹೋದೆವು. ಅಂಗಡಿಯವನು ಹತ್ತಾರು ಬಣ್ಣ ಹರಡಿದ. ಅತ್ತೆ ಬಹಳ ಹೊತ್ತು ನೋಡಿ ಹೇಳಿದರು: "ಸತ್ತೆವ್ವಾ, ಅರ್ಚನಾಗ ಯಾವ ಬಣ್ಣ ಹಿಡಸ್ತೈತಿ ಅಂತ ಅಳಿಯಂದ್ರನ್ನ ಕೇಳ. ಎಲ್ಲಾ ಹೆಣ್ಮಕ್ಕಳಿಗೂ ಹಿಡಸೂದು ಅದ ಇರ್ತೈತಿ."

"ಕೆಂಪು" ಎಂದೆ ತಡಮಾಡದೆ. ಮೈಕಿನವನು ತಡವರಿಸಬಾರದು.

ಅತ್ತೆ ಹಸಿರು ಎತ್ತಿಕೊಂಡರು. ಕೆಂಪು ದಡಿಯ ಹಸಿರು ಸೀರೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿ ತಮ್ಮ ಗಂಟಿನೊಳಗೆ ಇಟ್ಟುಕೊಂಡರು.

ಫೋನಿನಲ್ಲಿ ಅರ್ಚನಾಳನ್ನು ಕೇಳೋಣವೆನ್ನಿಸಿತು. ಹನ್ನೊಂದು ವರ್ಷದ ನಂತರ ಹೆಂಡತಿಗೆ ಫೋನ್ ಮಾಡಿ ನಿನಗೆ ಯಾವ ಬಣ್ಣ ಇಷ್ಟ ಎಂದು ಕೇಳುವುದು ಹೇಗೆ? ಕೇಳಲಿಲ್ಲ. "ಇಳಕಲ್ ಮುಟ್ಟಿದ್ವಿ" ಎಂದೆ. "ಹೂಂ" ಎಂದಳು.

ಮಾರ್ಚ್ 20, ಗುರುವಾರ. ರಾಯಚೂರಿನ ಕಡೆ

ಬಿಸಿಲು ನೆತ್ತಿ ಸುಡುತ್ತಿದೆ. ಬೆಳಿಗ್ಗೆ ನಾಲ್ಕಕ್ಕೆ ಹೊರಟು ಹನ್ನೊಂದಕ್ಕೆ ನಿಲ್ಲುತ್ತೇವೆ, ಆಮೇಲೆ ಸಂಜೆ ಮತ್ತೆ. ಈ ಬರಹವೆಲ್ಲ ಬೇವಿನ ನೆರಳಿನ ಮಧ್ಯಾಹ್ನದ ಬರಹ.

ಒಂಬತ್ತು ಗಂಟೆಯ ನಂತರ ಅತ್ತೆಯ ಎಡಗಾಲು ಎಳೆಯುತ್ತದೆ. ಹಿಂದಿನ ಸದ್ದಿನಿಂದಲೇ ನನಗೆ ತಿಳಿಯುತ್ತದೆ. ಸರಿ ಹೆಜ್ಜೆ, ಸರಕ್. ಸರಿ ಹೆಜ್ಜೆ, ಸರಕ್. ಅವರು ತಡವಾದರೆ ನನಗೂ ತಡ ಎಂದು ಅವರ ಗಂಟನ್ನು ನಾನೇ ಹೊರುತ್ತಿದ್ದೇನೆ. ಸಾವಕಾಶ ನಡೆದರೆ ನನಗೂ ಒಳ್ಳೆಯದೇ. ಬೇರೆ ಏನಿಲ್ಲ.

ರಾಯಪ್ಪ ಇವತ್ತು ತಾನೇ ಟೆಂಪೊ ನಿಲ್ಲಿಸಿ "ಏರ್ರಿ ಅಣ್ಣಾ, ನಿಮ್ಮತ್ತಿ ಮುಂದ ಹೋಗ್ಯಾರ" ಎಂದ. ಖರೆ, ಅತ್ತೆ ನೀರಿಗೆಂದು ಮುಂದೆ ಹೋಗಿದ್ದರು. ನನಗೆ ಏರಲು ಬೇಸರವಾಯಿತು. ಚೀಲದ ಮೇಲೆ ಮಲಗಿದರೆ ಬೆನ್ನು ನೋಯುತ್ತದೆ.

ಪಂಕ್ಚರ್ ವಿಷಯ ಒಂದು ತಿದ್ದುಪಡಿ. ಯಮಕನಮರಡಿಯಲ್ಲಿ ಪಂಕ್ಚರ್ ತೆಗೆಯುವ ಅಂಗಡಿ ಇದೆ, ಹೈವೇ ಪಕ್ಕದಲ್ಲೇ. ಅರ್ಧ ತಾಸಿನ ಕೆಲಸ. ಇದನ್ನು ಯಾಕೆ ಬರೆದೆನೋ ತಿಳಿಯದು. ನಡೆಯುವಾಗ ತಲೆ ಸುಮ್ಮನಿರುವುದಿಲ್ಲ.

ಮಾರ್ಚ್ 25, ಮಂಗಳವಾರ. ವೆಂಕಟಾಪುರ

ಇಲ್ಲಿಂದ ಕಾಡು. ಟೆಂಪೊ ಒಳಗೆ ಬರುವುದಿಲ್ಲ, ಡಾಂಬರು ರಸ್ತೆಯಲ್ಲಿ ಸುತ್ತುಹಾಕಿ ಶ್ರೀಶೈಲಕ್ಕೆ ಹೋಗುತ್ತದೆ. ನಾವು ಮೂರು ದಿನ ಗುಡ್ಡದ ದಾರಿ. ಬೇಕಾದ್ದನ್ನು ಮಾತ್ರ ಹೊತ್ತುಕೊಳ್ಳಬೇಕು.

ಅತ್ತೆ ಆಕಾಶ ನೋಡಿ ಮೂಗು ಏರಿಸಿದರು. "ಸತ್ತೆವ್ವಾ, ಮೋಡ ಕೂಡಬಾರದ ಜಾಗಾದಾಗ ಕೂತೈತಿ. ಅಳಿಯಂದ್ರಿಗೆ ಹೇಳ, ಟೆಂಪೋದಾಗ ನನ್ನ ಕಂಬಳಿ ಐತಿ, ತಗೋಬೇಕಂತ."

ನಲವತ್ತು ಡಿಗ್ರಿ ಬಿಸಿಲಿನಲ್ಲಿ ಕಂಬಳಿ! ಕುರಿಯ ಉಣ್ಣೆಯ ಕರಿ ಕಂಬಳಿ, ತೂಕ ಒಂದು ಮರಿಯಷ್ಟು. ಹೋಗಿ ನೋಡಿದರೆ ಅದು ಅಡುಗೆ ಪಾತ್ರೆಗಳ ಕೆಳಗೆ, ಅಕ್ಕಿ ಚೀಲದ ಹಿಂದೆ ಸೇರಿತ್ತು. ರಾಯಪ್ಪ ಹಗ್ಗ ಬಿಗಿದಾಗಿತ್ತು. ಬಿಚ್ಚಿಸಿ ಎಲ್ಲ ಇಳಿಸಬೇಕು. ಬಿಟ್ಟು ಬಂದೆ.

"ತಂದಾರೇನು ಕೇಳ."

"ತಂದೀನಿ ಅಂತ ಹೇಳ್ರಿ" ಎಂದೆ, ಗಂಟಿನ ಮೇಲೆ ಕೈ ತಟ್ಟಿ. ಒಂದು ಮಾತಿನಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟು ಸಾಮಾನು ಯಾರು ಇಳಿಸುತ್ತಾರೆ?

ಮಾರ್ಚ್ 26, ಬುಧವಾರ. ಪೆದ್ದಚೆರುವು

ಕಾಡಿನ ನಡುವೆ ಕೆರೆ. ಸಾವಿರಾರು ಜನ. ಇಲ್ಲಿಯ ಕಲ್ಲುಗಳಿಗೆ ತೆಲುಗು ಬರುತ್ತದೆ, ಆದರೂ ಅತ್ತೆ ಅವುಗಳಿಗೆ ಕನ್ನಡದಲ್ಲೇ ಹೇಳುತ್ತಿದ್ದಾರೆ. ಮೊಣಕಾಲು ಬಾತಿದೆಯಂತೆ. ಕಲ್ಲು ನನಗೆ ತಿಳಿಸಿತು.

ಗಾಳಿ ಬದಲಾಗಿದೆ. ಮಳೆಯ ವಾಸನೆ.

ಮಾರ್ಚ್ 28, ಶುಕ್ರವಾರ. ಶ್ರೀಶೈಲ

ನಿನ್ನೆ ಬರೆಯಲಾಗಲಿಲ್ಲ. ಪುಸ್ತಕದ ಅಂಚು ನೆನೆದು ಉಬ್ಬಿದೆ. ಇವತ್ತು ಮಧ್ಯಾಹ್ನ ಛತ್ರದ ಕಟ್ಟೆಯ ಮೇಲೆ ಕೂತು, ಆದದ್ದು ಆದ ಹಾಗೆ ಬರೆಯುತ್ತೇನೆ.

ನಿನ್ನೆ ಹನ್ನೊಂದರ ಹೊತ್ತಿಗೆ ಭೀಮನ ಕೊಳ್ಳದ ಅಂಚಿಗೆ ಬಂದಿದ್ದೆವು. ಅಲ್ಲಿಂದ ಕಲ್ಲಿನ ಪಾವಟಿಗೆಗಳಲ್ಲಿ ಆಳಕ್ಕೆ ಇಳಿದು, ಹಳ್ಳ ದಾಟಿ, ಮತ್ತೆ ನೂರಾರು ಪಾವಟಿಗೆ ಏರಬೇಕು, ಕೈಲಾಸ ಬಾಗಿಲಿನವರೆಗೆ. ಪರಸಪ್ಪಜ್ಜನ ಕಂಬಿ, ಸತ್ತೆವ್ವ, ನಮ್ಮವರೆಲ್ಲ ಮುಂದೆ ಹೋಗಿದ್ದರು. ಅತ್ತೆಯ ಮೊಣಕಾಲಿನಿಂದಾಗಿ ನಾವಿಬ್ಬರೇ ಹಿಂದೆ.

ಒಮ್ಮೆಲೇ ಕತ್ತಲಾಯಿತು. ಮೊದಲು ಗಾಳಿ, ಆಮೇಲೆ ಆಣೆಕಲ್ಲು, ಲಿಂಬೆಹಣ್ಣಿನಷ್ಟು. ಜನರಿಂದ ತುಂಬಿದ್ದ ದಾರಿ ಎರಡು ನಿಮಿಷದಲ್ಲಿ ಖಾಲಿಯಾಯಿತು. ಯಾರು ಯಾವ ಮರದಡಿಗೆ ಹೋದರೋ. ನಾವು ಒಂದು ಬಂಡೆಯ ಕೆಳಗೆ ನುಸುಳಿದೆವು. ಅಷ್ಟರಲ್ಲೇ ಇಬ್ಬರೂ ತೊಯ್ದು ತೊಪ್ಪೆಯಾಗಿದ್ದೆವು. ಆಣೆಕಲ್ಲು ನಿಂತಿತು, ಮಳೆ ನಿಲ್ಲಲಿಲ್ಲ. ಬೆಂಕಿಯಂಥ ಬಿಸಿಲಿನಿಂದ ಬಂದವರಿಗೆ ಆ ಚಳಿ ಎಲುಬಿಗೆ ತಾಗಿತು. ಅತ್ತೆ ನಡುಗತೊಡಗಿದರು. ಸೆರಗೆಳೆದುಕೊಂಡು, ಬಂಡೆಗೆ ಮುಖ ಮಾಡಿ, ಬಂಡೆಗೆ ಹೇಳಿದರು: "ಅಳಿಯಂದ್ರು ಕಂಬಳಿ ತಗೀಲಿ ಈಗ."

ನನ್ನ ಬಾಯಲ್ಲಿ ಮೂರು ಸುಳ್ಳು ತಯಾರಿದ್ದವು. ದಾರಿಯಲ್ಲಿ ಬಿತ್ತು. ಯಾರೋ ಕದ್ದರು. ಚಳಿಯಲ್ಲಿ ನಡುಗುವ ಒಬ್ಬ ಮುದುಕಿಗೆ ಕೊಟ್ಟುಬಿಟ್ಟೆ. ಮೂರನೆಯದು ಬಹಳ ಚೆನ್ನಾಗಿತ್ತು, ಪುಣ್ಯವೂ ಬರುತ್ತಿತ್ತು. ಹೇಳಲೆಂದು ತಿರುಗಿದೆ. ಅವರ ಹಲ್ಲು ಕಟಕಟ ಎನ್ನುತ್ತಿತ್ತು. ತುಟಿ ನೀಲಿಯಾಗಿತ್ತು. ಚಳಿಯಲ್ಲಿ ನಡುಗುವ ಮುದುಕಿ ನನ್ನ ಎದುರಿಗೇ ಇದ್ದಳು.

"ಕಂಬಳಿ ಟೆಂಪೋದಾಗ ಐತ್ರಿ ಅತ್ತಿ. ನಾ ತಗೊಂಡಿಲ್ಲ. ಸುಳ್ಳ ಹೇಳಿದ್ನಿ."

ಅತ್ತೆ ಒದ್ದೆ ಸೆರಗನ್ನು ಹಿಂಡಿದರು. ಆಮೇಲೆ ಬಂಡೆಗೆ ಹೇಳಿದರು: "ಕೇಳಿದೇನಪಾ? ಕುರಿ ಕಾಯೋರ ಮನಿ ಹೆಣ್ಮಗಳು ಕಂಬಳಿ ಇಲ್ಲದ ಗುಡ್ಡಕ್ಕ ಬಂದಾಳ. ನಮ್ಮಪ್ಪ ಇದ್ದಿದ್ರ ಮನಿ ಹೊರಗ ಹಾಕ್ತಿದ್ದ."

ಗಂಟು ಬಿಚ್ಚಿದೆ. ಎಲ್ಲ ಒದ್ದೆ. ಪ್ಲಾಸ್ಟಿಕ್ ಚೀಲದೊಳಗಿನ ಇಳಕಲ್ ಸೀರೆಯೊಂದೇ ಒಣಗಿತ್ತು. ಅದನ್ನು ಎಳೆದೆ.

"ಬ್ಯಾಡಂತ ಹೇಳ! ಅದು ಮಗಳ ಸೀರಿ!" ಎಂದರು ಬಂಡೆಗೆ.

"ಮಗಳು ಬೈದ್ರ ನನಗ ಬೈಲಿ" ಎಂದು ನಾಲ್ಕು ಮಡಿಕೆ ಮಾಡಿ, ಮುಖ ಆಚೆ ತಿರುಗಿಸಿಕೊಂಡೇ ಅವರ ಮೈಗೆ ಸುತ್ತಿದೆ.

ತಾಸೊಂದು ಕಳೆಯಿತು. ಪಾವಟಿಗೆಗಳ ಮೇಲೆ ಕೆಂಪು ನೀರು ಹರಿಯುತ್ತಿತ್ತು, ಕೆಳಗೆ ಹಳ್ಳದ ಸದ್ದು ಏರುತ್ತಿತ್ತು. ಇನ್ನೂ ಕೂತರೆ ದಾಟಲಾಗುವುದಿಲ್ಲ. ಅತ್ತೆ ಏಳಲು ನೋಡಿದರು, ಮೊಣಕಾಲು ಮಡಚಲೇ ಇಲ್ಲ. ನಾನು ಅವರ ಮುಂದೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂತೆ.

"ಏರ್ರಿ ಅತ್ತಿ."

"ಅಳಿಯನ ಬೆನ್ನ ಏರಿದ್ರ ಮಂದಿ ಏನಂದಾರು ಅಂತ ಕೇಳ" ಎಂದರು ಬಂಡೆಗೆ.

"ಮಂದಿ ಯಾರೂ ಇಲ್ರಿ ಇಲ್ಲಿ. ನಾನೂ ಕಣ್ಣ ಮುಚ್ಕೋತೀನಿ, ಏನೂ ಕಾಣೂದಿಲ್ಲ ನನಗ."

"ಕಣ್ಣ ಮುಚ್ಚಿದ್ರ ಪಾವಟಿಗಿ ನಿಮ್ಮಪ್ಪಾರು ಬಂದು ನೋಡ್ತಾರೇನ್ರಿ?"

ಹನ್ನೊಂದು ವರ್ಷದಲ್ಲಿ ಅತ್ತೆ ನೇರವಾಗಿ ನನಗೇ ಆಡಿದ ಮೊದಲ ಮಾತು. ನಮ್ಮಪ್ಪನನ್ನೂ ಬಿಡಲಿಲ್ಲ, ಮರ್ಯಾದೆಯನ್ನೂ ಬಿಡಲಿಲ್ಲ. ಅವರಿಗೂ ಅದು ತಿಳಿಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೆನ್ನೇರಿದರು. ಗುಬ್ಬಿಯಷ್ಟು ಹಗುರವಿರಬಹುದು ಎಂದುಕೊಂಡಿದ್ದೆ. ಅಲ್ಲ. ಅವರ ಕಂಬಳಿಗಿಂತ ಬಹಳ ಭಾರ.

ಇಪ್ಪತ್ತು ಪಾವಟಿಗೆ ಇಳಿಯುವಷ್ಟರಲ್ಲಿ ಎರಡನೆಯ ಮಾತು ಬಂತು: "ನಿಮ್ಮ ಕಿವ್ಯಾಗ ಎಷ್ಟ ಹೊಲಸ ಐತ್ರಿ." ಆಮೇಲೆ ಅವರು ನಿಲ್ಲಲೇ ಇಲ್ಲ. ನನ್ನ ಮದುವೆಯಲ್ಲಿ ಅನ್ನ ಸರಿಯಾಗಿ ಬೆಂದಿರಲಿಲ್ಲವಂತೆ, ನಮ್ಮವರು ಅದನ್ನೇ ಎರಡು ಸಲ ಹಾಕಿಸಿಕೊಂಡರಂತೆ. ದೀಪಾವಳಿಗೆ ನಾನು ತಂದ ಮಿಠಾಯಿ ಹಳಸಿತ್ತಂತೆ, ಸಾಲಾಗಿ ಮೂರು ವರ್ಷ. ನನ್ನ ಮೈಕಿನ ಸದ್ದಿಗೆ ಅವರ ಗಬ್ಬದ ಆಡು ಕಂದು ಹಾಕಿತಂತೆ. ಹನ್ನೊಂದು ವರ್ಷ ಕಂಬಕ್ಕೂ ಹೇಳದೆ ಇಟ್ಟುಕೊಂಡದ್ದೆಲ್ಲ ನನ್ನ ಎಡಕಿವಿಗೆ ಬಂತು. ಹಳ್ಳದಲ್ಲಿ ನೀರು ಸೊಂಟದವರೆಗೆ ಇತ್ತು. ಅಲ್ಲಿ ಹಗ್ಗ ಹಿಡಿದು ನಿಂತಿದ್ದ ಯಾರೋ ಪುಣ್ಯಾತ್ಮರು ಕೈಕೊಟ್ಟರು. ಅಷ್ಟು ಹೊತ್ತು ಮಾತ್ರ ಅತ್ತೆ ಮಲ್ಲಯ್ಯನನ್ನು ಬೈದರು, ನನಗೆ ಸ್ವಲ್ಪ ಬಿಡುವು ಸಿಕ್ಕಿತು.

ಏರುವಾಗ ಅವರ ದನಿ ಸಣ್ಣದಾಯಿತು.

"ಆವತ್ತ ದವಾಖಾನ್ಯಾಗ ಬಾಗಲಾ ಸಪ್ಪಳ ಆದಾಗೊಮ್ಮೆ ಅರ್ಚನಾ ತಲಿ ಎತ್ತಿ ನೋಡಾಕಿ. ಔಷಧ ಕೊಡಾಕ ಬಂದ್ರೂ ನೋಡಾಕಿ, ಕಸಾ ಹೊಡ್ಯಾಕ ಬಂದ್ರೂ ನೋಡಾಕಿ. ನನಗ ತಡ್ಯಾಕ ಆಗ್ಲಿಲ್ಲ. ಗಾಡಿ ಪಂಕ್ಚರ್ ಆಗೇತೇನೋ ಕೇಳೋ ಅಂತ ಉಮೇಶನ ಕಡಿಂದ ಫೋನಿನ್ಯಾಗ ಕೇಳಿಸಿದಾಕಿ ನಾನು. ನೀವು ಹೂಂ ಅಂದ್ರಿ."

ಖರೆ. ಪಂಕ್ಚರ್ ನನ್ನ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. ಅತ್ತೆ ಕೊಟ್ಟ ಸುಳ್ಳನ್ನು ನಾಲ್ಕು ತಿಂಗಳು ನನ್ನದೇ ಎಂದು ಹೊತ್ತುಕೊಂಡು ತಿರುಗಿದೆ.

"ಪಂಕ್ಚರ್ ಆಗಿರ್ಲಿಲ್ರಿ ಅತ್ತಿ. ಇಸ್ಪೀಟ ಆಡಾಕತ್ತಿದ್ನಿ."

"ಗೊತ್ತೈತಿ. ಹೆಜ್ಜಿ ನೋಡಿ ಇಡ್ರಿ, ಅಲ್ಲಿ ಪಾಚಿ ಐತಿ."

ಬೈದಿದ್ದರೆ ಏರಲು ಸುಲಭವಾಗುತ್ತಿತ್ತು. ಇಲ್ಲಿಯೂ ಸರಿಯಾಗಿ ಬರೆದುಬಿಡುತ್ತೇನೆ: ಗಾಡಿ ಚೆನ್ನಾಗಿತ್ತು. ದಾರಿ ಚೆನ್ನಾಗಿತ್ತು. ಆಟ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಫೋನ್ ಬಂದಾಗಲೆಲ್ಲ ಬರುತ್ತಿದ್ದೇನೆ ಎಂದು ಹೇಳಿ ಮತ್ತೆ ಎಲೆ ಹಾಕಿದೆ. ಅವಳು ಬಾಗಿಲು ನೋಡುತ್ತಿದ್ದಳು. ನನಗೆ ಬಹಳ ನಾಚಿಕೆಯಾಗಿದೆ.

ಐದು ಗಂಟೆಗೆ ಕೈಲಾಸ ಬಾಗಿಲು ಮುಟ್ಟಿದೆವು. ಸತ್ತೆವ್ವ ಅಳುತ್ತ ಓಡಿ ಬಂದಳು. ಅತ್ತೆ ಗಡಿಬಿಡಿಯಲ್ಲಿ ನನ್ನ ಬೆನ್ನಿನಿಂದ ಇಳಿದು, ಒದ್ದೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. "ಸತ್ತೆವ್ವಾ, ಅಳಿಯಂದ್ರಿಗೆ ಬಿಸಿ ಚಹಾ ಕೊಡ ಅಂತ ಹೇಳ ಯಾರಿಗಾರ."

ಮಾರ್ಚ್ 29, ಶನಿವಾರ. ಶ್ರೀಶೈಲ

ಬೆಳಿಗ್ಗೆ ಸೀರೆಯ ಪಂಚಾಯಿತಿ. ಒಗೆದು ಛತ್ರದ ಕಟಾಂಜನಕ್ಕೆ ಒಣಹಾಕಿದ್ದೆ. ಕೆಮ್ಮಣ್ಣಿನ ಕಲೆ ಪೂರ್ತಿ ಹೋಗಿರಲಿಲ್ಲ.

"ಮೈಮ್ಯಾಲೆ ಹಾಕ್ಕೊಂಡ ಸೀರಿ ದೇವರಿಗೆ ಕೊಡ್ತಾರೇನ?" ಎಂದಳು ಸತ್ತೆವ್ವ. ಬೇರೆ ಕೊಳ್ಳುವುದೇ ಸರಿ ಎಂದ ಪರಸಪ್ಪಜ್ಜ. ನಾನೇ ತರುತ್ತೇನೆ, ತಪ್ಪು ನನ್ನದು ಎಂದೆ. ಅತ್ತೆ ಸೀರೆಯನ್ನು ಎದೆಗೆ ಹಿಡಿದುಕೊಂಡರು. "ಅವ್ವ ಉಟ್ಟ ಸೀರಿ ಮಗಳು ಉಡೂದಿಲ್ಲೇನ? ನಂದು ಅರ್ಚನಾ ಉಡೂದಿಲ್ಲೇನ? ದೇವರಿಗೆ ತಂದಿದ್ರ ಮೈಲಿಗಿ. ನಾ ಮಗಳಿಗೆ ತಂದೇನಿ." ಪರಸಪ್ಪಜ್ಜ ಕಂಬಿ ಎತ್ತಿಕೊಂಡು ಗುಡಿಯ ಕಡೆ ಹೊರಟ.

ಭ್ರಮರಾಂಬೆಯ ಮುಂದೆ ಸೀರೆ ಕೊಟ್ಟು, ಪಾಳಿಯವರು ಹಿಂದಿನಿಂದ ನೂಕುತ್ತಿದ್ದರೂ ನಿಂತು ವಿಚಾರಿಸಿದರು: "ಉಂಡಿಯೇನವ್ವಾ? ಗಂಡ ಹೊತ್ತಿಗೆ ಸರಿಯಾಗಿ ಮನಿಗೆ ಬರ್ತಾನಿಲ್ಲೋ?" ಆಮೇಲೆ ಮಲ್ಲಯ್ಯನ ಎದುರಿಗೆ ಬಂದವರೇ ಸೆರಗೆಳೆದುಕೊಂಡರು. ಅಳಿಯನಲ್ಲವೇ? "ಸತ್ತೆವ್ವಾ, ಅಳಿಯಂದ್ರಿಗೆ ಹೇಳ, ಕುರಿ ಮರಿ ಎಲ್ಲಾ ಸುಖವಾಗಿ ಇಡಬೇಕಂತ. ಗುಡ್ಡದಾಗ ಆಣಿಕಲ್ಲ ಒಗದದ್ದು ಚೊಲೋ ಆಗ್ಲಿಲ್ಲಂತ ಹೇಳ." ಸತ್ತೆವ್ವ ಕೈಮುಗಿದು ಎಲ್ಲವನ್ನೂ ಮುಟ್ಟಿಸಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಮಲ್ಲಯ್ಯನ ಕಷ್ಟ ನನಗೆ ಅರ್ಥವಾಯಿತು. ನಾನೂ ಮನಸ್ಸಿನಿಂದ ಕೈಮುಗಿದೆ.

ಹೊರಗೆ ಬಂದು ಕಟ್ಟೆಯ ಮೇಲೆ ಕೂತ ಮೇಲೆ ಸತ್ತೆವ್ವನಿಗೆ ಹೇಳಿದೆ: "ಮಗಳ ಮನಿ ಮುಟ್ಟೇವಿ. ಅರ್ಚನಾನ ಯಾವಾಗ ಕಳಸ್ತಾರಂತ ಕೇಳ್ರಿ."

ಅತ್ತೆ ಕಾಲು ನೀವಿಕೊಳ್ಳುತ್ತ ಹೇಳಿದರು: "ಅರ್ಚನಾ ಸೀರಿ ಅಲ್ಲ, ಮಡಚಿ ಕೊಡಾಕ. ಆಕೀನ್ನ ಕೇಳಬೇಕಂತ ಹೇಳ."

ನನಗೆ ಸಿಟ್ಟು ನೆತ್ತಿಗೇರಿತು. ಮೂರು ವಾರ, ಬೊಬ್ಬೆ, ಆಣೆಕಲ್ಲು, ಹಳ್ಳ! "ಮತ್ತ ಕಳಸ್ತೀನಿ ಅಂತ ಯಾಕ ಹೇಳಿದ್ರಂತ ಕೇಳ್ರಿ!"

"ಹಂಗ ಹೇಳದಿದ್ರ ಅವರು ಬರ್ತಿದ್ರೇನು? ಉಮೇಶಗ ಸೂಟಿ ಸಿಗ್ಲಿಲ್ಲ. ನನ್ನ ಗಂಟು ಯಾರು ಹೊರ್ತಿದ್ರು?"

ಸುಳ್ಳು ಹೇಳುವ ನನ್ನ ಧಂಧೆಯಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಕಂಡಿರಲಿಲ್ಲ. ಸಿಟ್ಟಿನಲ್ಲೇ ನಗು ಬಂತು. ಸೆರಗಿನೊಳಗೂ ಯಾರೋ ನಗುತ್ತಿದ್ದರು.

ಮಧ್ಯಾಹ್ನ ನಾನು ಫೋನ್ ಹಿಡಿದು ಬಹಳ ಹೊತ್ತು ಕೂತೆ. ಅಷ್ಟರಲ್ಲಿ ಅವಳದೇ ಬಂತು. ನಾಲ್ಕು ತಿಂಗಳಲ್ಲಿ ಅವಳಾಗಿ ಮಾಡಿದ್ದು ಇದೇ ಮೊದಲು.

"ನಿಮಗ ಮೈಯಾಗ ಆರಾಮ ಐತಿಲ್ರಿ?" ದನಿಯಲ್ಲಿ ಗಾಬರಿ.

"ಆರಾಮ ಅದೀನಿ. ಯಾಕ?"

"ಅವ್ವ ಮೊದಲೆಲ್ಲಾ ದಿನಾ ಫೋನ್ ಮಾಡಿ ನಿಮ್ಮ ಚಾಡಿ ಹೇಳಾಕಿ. ಟೆಂಪೋ ಏರಿದ್ದು, ಕಾಲಿಗೆ ಮಣ್ಣ ಬಡಕೊಂಡದ್ದು, ಎಲ್ಲಾ. ಹತ್ತ ದಿನಾ ಆತು, ಏನೂ ಹೇಳವಲ್ಲಳು. ನಿನ್ನೆ ಕೇಳಿದ್ರ ನಡೀತಾರವ್ವಾ ಅಂದು ಇಟ್ಟಬಿಟ್ಲು. ಏನೋ ಆಗೇತಿ ಅಂತ ನನಗ ಹೆದರಿಕಿ ಬಂತು."

ಕಂಬಳಿಯದನ್ನೂ ಹೇಳಿಲ್ಲ. ಅದನ್ನು ನಾನೇ ಹೇಳಿದೆ. ಆಮೇಲೆ ಇಸ್ಪೀಟಿನದು ಹೇಳಿದೆ. ನಡುವೆ ಒಂದೂ ಚೇಷ್ಟೆ ಮಾಡದೆ ಮಾತು ಮುಗಿಸಿದ್ದು ಇದೇ ಮೊದಲಿರಬೇಕು. ಫೋನ್ ಕಟ್ಟಾಯಿತೇನೋ ಎಂದು ನೋಡಿದೆ, ಆಗಿರಲಿಲ್ಲ. ಅವಳು ಅಲ್ಲೇ ಇದ್ದಳು, ನಾನೂ ಇಟ್ಟು ಓಡಲಿಲ್ಲ.

"ಕರಿಯಾಕ ಅರಭಾವಿಗೆ ಬರಬ್ಯಾಡ್ರಿ" ಎಂದಳು ಕೊನೆಗೆ. ಕೂತಲ್ಲಿಂದ ಎದ್ದು ನಿಂತೆ. "ಅವ್ವನ್ನ ಮನಿ ಮುಟ್ಟಿಸಿ ಮೊದಲ ಹುಕ್ಕೇರಿಗೆ ಹೋಗ್ರಿ. ನಾಲ್ಕ ತಿಂಗಳದ ಕಸಾ ಬಿದ್ದಿರ್ತೈತಿ ಮನ್ಯಾಗ. ಅದನ್ನ ಹೊಡ್ದಿಡ್ರಿ. ನಾ ಬರ್ತೀನಿ, ನೋಡ್ತೀನಿ. ಆಮ್ಯಾಲೆ ಇರೂದೋ ಬಿಡೂದೋ ವಿಚಾರ ಮಾಡ್ತೀನಿ."

ಹೂಂ ಎಂದೆ. ಇಡುವ ಮುಂಚೆ ಒಂದು ಮಾತು ಕೇಳಲೇಬೇಕಾಯಿತು. "ಅರ್ಚನಾ, ಕಸಬರಿಗಿ ಎಲ್ಲಿ ಇರ್ತೈತಿ?"

ಅವಳು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಬಹಳ ಹೊತ್ತು ಅದೇ ಕೇಳಿಸುತ್ತಿತ್ತು. ಆಮೇಲೆ ಹೇಳಿದಳು. ಅಡುಗೆಮನೆಯ ಬಾಗಿಲ ಹಿಂದೆ ಇದೆಯಂತೆ.